ಚರಂಡಿಯ ಮೇಲೆ ಬೀರುವಿನ ಬಾಗಿಲು

ಮನೆಯ ಗೇಟಿನಿಂದ ನಾಲ್ಕು ಹೆಜ್ಜೆ ದೂರದಲ್ಲಿ ಫುಟ್‌ಪಾತಿನ ಚಪ್ಪಡಿ ಮುರಿದು ಹದಿನೈದು ದಿನವಾಗಿತ್ತು. ಅದರಡಿ ಮೊಣಕಾಲುದ್ದ ಆಳದ ಚರಂಡಿ. ಆಸ್ಪತ್ರೆಯ ಲಾಂಡ್ರಿಯಲ್ಲಿ ಬೆಳಗಿನ ಪಾಳಿ ಮುಗಿಸಿ, ಹಾಸಿಗೆ ಬಟ್ಟೆ ಮಡಚಿ ಮಡಚಿ ಸೋತ ಕೈಗಳನ್ನು ಜೋತುಬಿಟ್ಟುಕೊಂಡು ಬರುವ ಸೊಸೆಗೆ ದಿನವೂ ಅದನ್ನು ನೋಡಿ ಕಾಲು ಇನ್ನಷ್ಟು ಭಾರವಾಗುತ್ತಿತ್ತು.

ಮನೆಯಲ್ಲಿ ಮಾವನಿಗೆ ಲಕ್ವ ಹೊಡೆದು ಎಡಗೈ, ಎಡಗಾಲು ಬಿದ್ದುಹೋಗಿದ್ದವು. ವಾರಕ್ಕೊಮ್ಮೆ, ಸೊಸೆಗೆ ರಜೆಯಿರುವ ಗುರುವಾರ, ನಗರಸಭೆಯ ಆರೋಗ್ಯ ಕೇಂದ್ರದಲ್ಲಿ ವ್ಯಾಯಾಮ ಮಾಡಿಸುತ್ತಿದ್ದರು. ಗಾಲಿಕುರ್ಚಿಯಲ್ಲಿ ಹತ್ತು ನಿಮಿಷದ ದಾರಿ. ಆರು ತಿಂಗಳು ಕಾದ ಮೇಲೆ ಸಿಕ್ಕ ಜಾಗ. ಮೂರು ವಾರ ಸಾಲಾಗಿ ತಪ್ಪಿಸಿದರೆ ಹೆಸರು ಹೊಡೆದುಹಾಕಿ ಜಾಗ ಬೇರೆಯವರಿಗೆ ಕೊಡುತ್ತಾರೆ. ಆಗಲೇ ಎರಡು ವಾರ ತಪ್ಪಿತ್ತು. ಮೊದಲ ಸಲ ಮುರಿದ ಜಾಗದಲ್ಲಿ ಕುರ್ಚಿ ವಾಲಿ ಮಗುಚುವಂತಾಯಿತು. ಎರಡನೆಯ ಸಲ ರಸ್ತೆಗೆ ಇಳಿಸಿದರೆ ಬೆನ್ನಿಗೇ ಬಸ್ಸು ಬಂತು, ಹೆದರಿ ವಾಪಸಾದರು. ಇವತ್ತು ಸೋಮವಾರ.

"ಬಿಡಮ್ಮ, ನಗರಸಭೆಯೋರು ಬರೋ ಹೊತ್ತಿಗೆ ನಾನು ಎದ್ದು ಓಡ್ತಿರ್ತೀನಿ," ಎಂದರು ಮಾವ ಕಿಟಕಿಯ ಹತ್ತಿರ ಕೂತು.

"ಓಡೋಕೆ ಮುಂಚೆ ನಡೀಬೇಕಲ್ಲ ಮಾವ. ಅದಕ್ಕೇ ವ್ಯಾಯಾಮ."

"ನಮ್ಮಂಥ ಭಾಷೆ ಬರದ ಹೊರಗಿನೋರ ಮಾತು ಯಾರು ಕೇಳ್ತಾರೆ?"

ಸೊಸೆಗೂ ಒಳಗೊಳಗೇ ಹಾಗೇ ಅನ್ನಿಸುತ್ತಿತ್ತು.

ಆ ಬೀದಿಯಲ್ಲಿ ಎಂಟು ಮನೆ, ಆರು ಭಾಷೆ. ಎದುರಾದರೆ ನಗು, ಕೈಸನ್ನೆ, ಅರ್ಧರ್ಧ ಮಾತು. ಆದರೆ ಒಳ್ಳೆಯ ಜನ. ಚಪ್ಪಡಿ ಮುರಿದ ಮರುದಿನವೇ ಮಹಡಿಯ ಟ್ಯಾಕ್ಸಿ ಡ್ರೈವರಣ್ಣ ತನ್ನ ಹಳೇ ಬೀರುವಿನ ಬಾಗಿಲು ತಂದು ತೂತಿಗೆ ಮುಚ್ಚಿದ. ಅದು ಜಾರುತ್ತದೆಂದು ಎದುರುಮನೆ ಟೈಲರಮ್ಮ ಮೇಲೊಂದು ಕಾರ್ಪೆಟ್ ಹಾಸಿದಳು. ಗಾಳಿಗೆ ಹಾರಬಾರದೆಂದು ಸೊಸೆ ನಾಲ್ಕು ಮೂಲೆಗೆ ಇಟ್ಟಿಗೆ ಇಟ್ಟಳು. ನಡೆಯುವವರಿಗೆ ಸಾಕಾಗಿತ್ತು. ಕುರ್ಚಿ ಹತ್ತಿಸಿದರೆ ಮಾತ್ರ ಬಾಗಿಲು ಬಾಗಿ ಕಿರ್ರೆನ್ನುತ್ತಿತ್ತು.

ಆ ಮಧ್ಯಾಹ್ನ ಕಾಗದ ಹಂಚಲು ಬಂದ ಅಂಚೆಯಕ್ಕ ಕಾರ್ಪೆಟ್ಟಿನ ಮೇಲೆ ಕಾಲಿಟ್ಟವಳು ಬೆಚ್ಚಿ ಹಿಂದೆ ಸರಿದಳು.

"ಏನ್ರೇ ಇದು? ಬೀದೀಲಿ ಮದುವೆ ಇಟ್ಕೊಂಡಿದ್ದೀರಾ?"

ಗೇಟಿನ ಬಳಿಯಿದ್ದ ಸೊಸೆ ತನಗೆ ಬರುವ ಅರ್ಧರ್ಧ ಮಾತಲ್ಲೇ ವಿಷಯ ಹೇಳಿದಳು.

"ದೂರು ಕೊಟ್ರಾ?"

"ಕೊಟ್ಟಿದ್ದಾರಕ್ಕ."

"ಯಾರು?"

ಸೊಸೆ ತಡವರಿಸಿದಳು. "ಡ್ರೈವರಣ್ಣ ಕೊಟ್ಟಿರ್ತಾರೆ. ಅವರಿಗೆ ಇಲ್ಲಿನ ಭಾಷೆ ಬರುತ್ತೆ."

ಅಂಚೆಯಕ್ಕ ತಲೆಯೆತ್ತಿ ಕೂಗಿದಳು. ಡ್ರೈವರಣ್ಣ ಲುಂಗಿ ಸರಿಮಾಡಿಕೊಳ್ಳುತ್ತ ಮಹಡಿಯಿಂದ ಬಗ್ಗಿ ನೋಡಿದ. "ನಾನಾ? ಟೈಲರಮ್ಮ ಇಲ್ಲಿ ಹಳಬ್ರು, ಅವರು ಹೇಳಿರ್ತಾರೆ ಅಂದ್ಕೊಂಡೆ."

ಟೈಲರಮ್ಮ ಬಾಗಿಲಿಗೆ ಬಂದಳು, ಹಲ್ಲಿನ ನಡುವೆ ಗುಂಡುಪಿನ್ನು. ಅದನ್ನು ತೆಗೆದು ಸೊಸೆಯ ಕಡೆ ಬೆರಳು ತೋರಿಸಿದಳು. "ಕುರ್ಚಿ ಇವರ ಮನೇದು. ಇವಳೇ ಹೇಳಿರ್ತಾಳೆ ಅಂತ ಸುಮ್ನಿದ್ದೆ."

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಚೆನ್ನಾಗಿದೆ ನಿಮ್ಮ ಸಂಸಾರ," ಎಂದು ಅಂಚೆಯಕ್ಕ ಚೀಲ ಇಳಿಸಿದಳು. "ತಂಗಿ, ಫೋನ್ ತೆಗಿ. ನಗರಸಭೆಗೆ ದೂರು ಹೇಳೋ ಫೋನ್ ನಂಬರು ಕಸದ ಡಬ್ಬಿ ಮೇಲೇ ಇದೆ ನೋಡು."

"ನಂಗೆ ಫೋನಲ್ಲಿ ಇಲ್ಲಿನ ಭಾಷೆ ಮಾತಾಡೋಕೆ ಬರಲ್ಲಕ್ಕ. ನೀವೇ ಮಾತಾಡಿ."

"ನಾನು ಈ ಬೀದಿಯೋಳಲ್ಲ ಕಣೇ. ನಿನ್ನ ಭಾಷೆ ಹೆಸರು ಹೇಳು, ಸಾಕು. ನಿನ್ನ ಮಾತು ಅವರಿಗೆ ಹೇಳೋಕೆ ಒಬ್ಬರನ್ನ ಲೈನಿಗೆ ತರ್ತಾರೆ. ದುಡ್ಡು ಕಾಸು ಏನೂ ಕೇಳಲ್ಲ. ಸ್ವಲ್ಪ ಕಾಯ್ಬೇಕು, ಅಷ್ಟೆ."

ಸೊಸೆ ಫೋನು ಮಾಡಿದಳು. ಕಾದಳು. ನಿಂತು ನಿಂತು ಸೊಂಟ ನೋವು ಬಂದು ಗೋಡೆಗೆ ಒರಗಿದಳು. ಕಡೆಗೆ ಅವಳ ಭಾಷೆಯಲ್ಲೇ ಒಂದು ಹೆಣ್ಣುದನಿ ಕೇಳಿತು: "ಹೇಳಿ, ಏನು ತೊಂದರೆ?"

ಸೊಸೆ ಹೇಳಿದಳು. ನಗರಸಭೆಯ ಗುಮಾಸ್ತ ಏನನ್ನೋ ಹುಡುಕಿ ಉತ್ತರಿಸಿದ. ಹೆಣ್ಣುದನಿ ಅದನ್ನು ತಿಳಿಸಿತು: "ನಿಮ್ಮ ಬೀದಿಯಿಂದ ಒಂದು ದೂರೂ ಬಂದಿಲ್ಲವಂತೆ. ಹೋದ ವಾರ ರಸ್ತೆ ಇನ್ಸ್‌ಪೆಕ್ಟರ್ ಬಂದಿದ್ದರಂತೆ. ಫುಟ್‌ಪಾತ್ ಸರಿಯಾಗಿದೆ, ಕಾರ್ಪೆಟ್ ಹಾಸಿದೆ ಅಂತ ಬರೆದಿದ್ದಾರೆ."

ಡ್ರೈವರಣ್ಣ ತಲೆ ಚಚ್ಚಿಕೊಂಡ. "ನಾವೇ ಸಿಂಗಾರ ಮಾಡಿ ತೋರಿಸಿದ್ವಲ್ಲಪ್ಪ!"

"ಗಾಲಿಕುರ್ಚಿ ಹೋಗಲ್ಲ ಅಂತ ಹೇಳು," ಎಂದು ಅಂಚೆಯಕ್ಕ ಪಿಸುಗುಟ್ಟಿದಳು. ಸೊಸೆ ಅದನ್ನೂ ಹೇಳಿದಳು, ಗುರುವಾರದ ಮಾತನ್ನೂ ಹೇಳಿದಳು. ದೂರು ತುರ್ತಿನ ಪಟ್ಟಿಗೆ ಸೇರಿತು. ಅವರು ಕೊಟ್ಟ ದೂರಿನ ನಂಬರನ್ನು ಟೈಲರಮ್ಮ ಸೀಮೆಸುಣ್ಣದಲ್ಲಿ ಗೋಡೆಯ ಮೇಲೆ ಬರೆದಳು. ಬೀರುವಿನ ಬಾಗಿಲು ಸರಿಸಿ, ತೂತಿನ ಪಕ್ಕ ಕುರ್ಚಿ ನಿಲ್ಲಿಸಿ ಫೋಟೋ ತೆಗೆದು ಕಳಿಸಿದರು. ಯಾರೂ ಬೀಳದಂತೆ ಸುತ್ತ ಹಗ್ಗ ಕಟ್ಟಿ ಕೆಂಪು ಬಟ್ಟೆ ಬಿಗಿದರು. ಸಂಜೆಯೊಳಗೆ ಇನ್ನೂ ನಾಲ್ಕು ಮನೆಯವರು ತಂತಮ್ಮ ಭಾಷೆಯಲ್ಲಿ ಫೋನು ಮಾಡಿದರು.

ಮಂಗಳವಾರ ಯಾರೂ ಬರಲಿಲ್ಲ. ಬುಧವಾರ ಮಧ್ಯಾಹ್ನವಾದರೂ ಯಾರ ಸುಳಿವೂ ಇಲ್ಲ.

"ನಾ ಹೇಳ್ಲಿಲ್ವಾ?" ಎಂದರು ಮಾವ. ಆ ದನಿಯಲ್ಲಿ ಗೆದ್ದ ಖುಷಿ ಇರಲಿಲ್ಲ. ಸತ್ತ ಎಡಗೈಯನ್ನು ಬಲಗೈಯಿಂದ ಎತ್ತಿ ತೊಡೆಯ ಮೇಲಿಟ್ಟುಕೊಂಡು ಗೋಡೆ ನೋಡುತ್ತ ಕೂತರು.

ಆಗತಾನೇ ಕೆಲಸದಿಂದ ಬಂದ ಸೊಸೆಗೆ ಮಲಗಿದರೆ ಸಾಕಾಗಿತ್ತು. ಆದರೂ ಚಪ್ಪಲಿ ಬಿಚ್ಚದೆ ಮತ್ತೆ ಫೋನು ಮಾಡಿ ದೂರಿನ ನಂಬರು ಹೇಳಿದಳು. "ನಾಳೆ ಹತ್ತು ಗಂಟೆಗೆ ನಾವು ಹೊರಡ್ಬೇಕು. ಹನ್ನೊಂದಕ್ಕೆ ಬಂದ್ರೆ ನಮಗೆ ಉಪಯೋಗವಿಲ್ಲ," ಎಂದಳು. ಅಷ್ಟು ಗಟ್ಟಿಯಾಗಿ ತಾನು ಮಾತಾಡಿದ್ದು ಕೇಳಿ ಅವಳಿಗೇ ನಾಚಿಕೆಯಾಯಿತು.

ಗುರುವಾರ ಒಂಬತ್ತೂಕಾಲಿಗೆ ವ್ಯಾನು ಬಂತು. ಇಬ್ಬರು ಕೆಲಸಗಾರರು ಇಳಿದು ತೂತಿನ ಮೇಲೆ ದಪ್ಪ ಕಬ್ಬಿಣದ ಹಲಗೆ ಹಾಕಿ ಬೋಲ್ಟು ಬಿಗಿದರು. ಹೊಸ ಚಪ್ಪಡಿ ಮುಂದಿನ ತಿಂಗಳಂತೆ. ಸೊಸೆ ಮೆಲ್ಲಗೆ ಕುರ್ಚಿ ತಳ್ಳಿದಳು. ಹಲಗೆ ಮಿಸುಕಲಿಲ್ಲ.

ವ್ಯಾಯಾಮದ ಕೋಣೆಯಲ್ಲಿ ಮಾವ ಕಂಬಿ ಹಿಡಿದು ನಿಂತರು. ಮೂರೇ ಹೆಜ್ಜೆ. ಬೆವರಿ ಕುಸಿದು ಕೂತು, ಏದುಸಿರಿನಲ್ಲೇ ಕೇಳಿದರು:

"ಅಮ್ಮಾ, ಆ ಮೂಲೆ ತಿರುವಿನಲ್ಲಿ ಬೀದಿ ದೀಪ ಉರೀತಿಲ್ಲ. ಅದಕ್ಕೂ ಅದೇ ನಂಬರಾ? ಫೋನು ನಂಗೆ ಕೊಡು, ನಾನೇ ಮಾಡ್ತೀನಿ."

ಓದಿದ ಅಕ್ಕ, ಅಣ್ಣ, ನಿಮ್ಮ ಬೀದಿಯಲ್ಲೂ ಏನಾದರೂ ಮುರಿದಿದೆಯೇ? ಪಕ್ಕದ ಮನೆಯವರು ಹೇಳಿರುತ್ತಾರೆ ಎಂದು ಸುಮ್ಮನಿರಬೇಡಿ. ಅವರೂ ನಿಮ್ಮನ್ನೇ ನೆಚ್ಚಿಕೊಂಡು ಕೂತಿರಬಹುದು. ಭಾಷೆ ಬರುವುದಿಲ್ಲವೆಂದು ಹಿಂಜರಿಯಬೇಡಿ, ನಿಮ್ಮ ಭಾಷೆಯವರು ಇದ್ದಾರೆಯೇ ಎಂದು ಕೇಳಿ. ಅವರು ಕೊಡುವ ದೂರಿನ ನಂಬರು ಬರೆದಿಟ್ಟುಕೊಳ್ಳಿ. ಯಾರೂ ಬರದಿದ್ದರೆ ಮತ್ತೆ ಫೋನು ಮಾಡಿ. ನೀವು ದಣಿದಿದ್ದೀರಿ, ನಮಗೆ ಗೊತ್ತು. ಆದರೂ ಇವತ್ತು ಚಪ್ಪಲಿ ಬಿಚ್ಚುವ ಮೊದಲು ಆ ಒಂದು ಫೋನು ಮಾಡಿಬಿಡಿ.