ತೊಟ್ಟಿಲಿಗೆ ಬಾರದವರು

ಪಟೇಲ ಹುಲಿಯಪ್ಪನಿಗೆ ಹೊಗಳಿಕೆ ಎಂದರೆ ಬೆಲ್ಲ. ಯಾರು ಕೊಟ್ಟರು, ಯಾಕೆ ಕೊಟ್ಟರು ಎಂದು ವಿಚಾರಿಸುವ ಜಾಯಮಾನ ಅವನದಲ್ಲ. ಉಳವಿಯಲ್ಲಿ ಬಸ್ಸಿಳಿದು ಹೊಳೆ ದಾಟಿ ನಡೆದರೆ ಸಿಗುವ ಸಣ್ಣ ಊರು ಅವನದು. ಕಂದಾಯ ವಸೂಲಿ, ಜಗಳದ ಪಂಚಾಯ್ತಿ, ಊರಿನ ಹುಟ್ಟುಸಾವು ಬರೆದು ಸೊರಬದ ತಾಲ್ಲೂಕು ಕಚೇರಿಗೆ ಮುಟ್ಟಿಸುವುದು, ಎಲ್ಲ ಅವನ ತಲೆಯ ಮೇಲೆ. ಹುಟ್ಟುಸಾವಿನ ಲೆಕ್ಕವನ್ನು ಹಿಂದೆ ನಾಯಿಯೂ ಮೂಸುತ್ತಿರಲಿಲ್ಲ. ಐವತ್ತೇಳರಲ್ಲಿ ಕ್ಯಾಸನೂರಿನ ಕಡೆ ಮಂಗಗಳು ಸತ್ತು, ಹಿಂದೆಯೇ ಜ್ವರಕ್ಕೆ ಜನವೂ ಸತ್ತರು ನೋಡಿ, ಸರ್ಕಾರಕ್ಕೆ ಇದ್ದಕ್ಕಿದ್ದಂತೆ ಸಾವಿನ ಲೆಕ್ಕದ ಮೇಲೆ ಪ್ರೀತಿ ಹುಟ್ಟಿತು.

ಐವತ್ತೆಂಟರ ಬೇಸಿಗೆಯಲ್ಲಿ ಆರೋಗ್ಯ ಇಲಾಖೆಯ ಸಾಹೇಬರು ಪಟೇಲರನ್ನೆಲ್ಲ ಸೊರಬಕ್ಕೆ ಕರೆಸಿದರು. ತುಂಬಿದ ಸಭೆಯಲ್ಲಿ ಹುಲಿಯಪ್ಪನನ್ನು ಎದ್ದು ನಿಲ್ಲಿಸಿ, "ನೋಡ್ರಿ, ಇವರೂರಲ್ಲಿ ಎಳೆಗೂಸು ಸಾಯೋದೇ ಇಲ್ಲ. ಎಲ್ಲರೂ ಇವರನ್ನ ನೋಡಿ ಕಲೀರಿ" ಎಂದರು. ಹುಲಿಯಪ್ಪ ಉಬ್ಬಿಹೋದ. ಹೊಳೆಯಾಚೆಯ ಪಟೇಲ ಚೌಡಪ್ಪ ಮಾತ್ರ ತಲೆ ತಗ್ಗಿಸಿಕೊಂಡು ಕೂತಿದ್ದ. ಸತ್ತ ಕೂಸುಗಳ ಲೆಕ್ಕವನ್ನು ಇದ್ದದ್ದು ಇದ್ದಂತೆ ಬರೆದುಕೊಟ್ಟು ಸಾಹೇಬರಿಂದ ಬೈಸಿಕೊಂಡ ಪುಣ್ಯಾತ್ಮ ಅವನು.

ಹುಲಿಯಪ್ಪ ಬೇಕೆಂದೇ ಸುಳ್ಳು ಬರೆದವನಲ್ಲ, ಅಷ್ಟು ನ್ಯಾಯ ಅವನಿಗೆ ಸಲ್ಲಬೇಕು. ಆ ಊರಿನ ಪದ್ಧತಿಯೇ ಹಾಗೆ. ಕೂಸನ್ನು ತೊಟ್ಟಿಲಿಗೆ ಹಾಕಿ ಹೆಸರು ಕರೆದ ಮೇಲೆಯೇ ಅದು ಹುಟ್ಟಿದ ಲೆಕ್ಕ. ಅದಕ್ಕೆ ಮುಂಚೆ ಹೋದದ್ದು ಬಂದೇ ಇರಲಿಲ್ಲ. ಅದಕ್ಕೆ ಸೂತಕವಿಲ್ಲ, ಅಳುವಂತಿಲ್ಲ. ಅತ್ತರೆ ಮುಂದಿನ ಕೂಸಿಗೆ ಕೇಡು ಎಂದು ಹಿರಿಯ ಹೆಂಗಸರು ತಾಯಿಯ ಬಾಯಿ ಮುಚ್ಚಿಸುತ್ತಿದ್ದರು. ಹಿಂದೆ ಪಟೇಲನಾಗಿದ್ದ ಅಪ್ಪ ಹಾಗೆ ಬರೆದ, ಮಗ ಹುಲಿಯಪ್ಪನೂ ಹಾಗೇ ಬರೆದ. ಹುಟ್ಟನ್ನೂ ಬಿಟ್ಟು ಸಾವನ್ನೂ ಬಿಟ್ಟರೆ ಲೆಕ್ಕ ಎಲ್ಲಿ ತಪ್ಪೀತು?

ಮನೆಗೆ ಬಂದು ಹೆಂಡತಿ ದುರ್ಗಮ್ಮನಿಗೆ ಸಭೆಯ ಕಥೆಯನ್ನು ಉಪ್ಪುಖಾರ ಹಚ್ಚಿ ಹೇಳಿದ. ಅವಳಿಗೆ ಅದು ಬೇಕಿರಲಿಲ್ಲ. ಸೊಸೆ ನೀಲಾಂಬಿಕ ಬಸುರಿ, ಆಷಾಢದಲ್ಲಿ ಹೆರಿಗೆ. ಮೊದಲನೆಯದು ಕೈಗೆ ಹತ್ತಿರಲಿಲ್ಲ.

"ಈ ಕಡೆ ಒಂದೂರಿಗೆ ಸರ್ಕಾರದ ದಾದಿ ಹಾಕ್ತಾರಂತಲ್ಲ, ನಮ್ಮೂರಿಗೆ ಬರ್ತಾಳೇನು?" ಎಂದು ಕೇಳಿದಳು.

"ನಮ್ಮೂರಿಗೆ ಬರದೆ ಚೌಡಪ್ಪನೂರಿಗೆ ಹೋಗ್ತಾಳಾ?"

ದಾದಿಯನ್ನು ಗೊತ್ತುಮಾಡಿದ್ದು ಚೌಡಪ್ಪನ ಊರಿಗೇ. ಮಳೆ ಹಿಡಿದರೆ ನಡುವಿನ ಹೊಳೆ ದಾಟುವಂತಿಲ್ಲ. ಸುದ್ದಿ ಬಂದ ದಿನ ನೀಲಾಂಬಿಕ ಊಟ ಬಿಟ್ಟು ಮಲಗಿದಳು. ಹುಲಿಯಪ್ಪ ಕೆಂಡವಾಗಿ ಮರುದಿನವೇ ಸೊರಬಕ್ಕೆ ಹೋದ.

ಸಾಹೇಬರು ನಕ್ಕರು. "ನಿಮ್ಮೂರಲ್ಲಿ ದಾದಿಗೇನು ಕೆಲಸ ಪಟೇಲ್ರೇ? ಕೂಸು ಸಾಯೋ ಕಡೆಗೆ ಕಳಿಸಬೇಕಲ್ವಾ? ನೀವು ಬರ್ಕೊಟ್ಟಿದ್ದನ್ನೇ ನೋಡಿ ಮಾಡಿದ್ದು."

ಹುಲಿಯಪ್ಪನ ಸಿಟ್ಟು ಜರ್ರನೆ ಇಳಿಯಿತು. ಹೆಗಲ ಮೇಲಿನ ವಲ್ಲಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡ. "ಸಾಯ್ತಾವೆ ಸ್ವಾಮಿ," ಎಂದ. "ತೊಟ್ಟಿಲಿಗೆ ಬರ್ಲಿಲ್ಲ ಅಂತ ಬರೀಲಿಲ್ಲ."

"ಎಷ್ಟು?"

ಬೆರಳು ಮಡಿಸತೊಡಗಿದ. ಬಂಗಾರಮ್ಮನ ಮನೆಯದು, ಮಾಸ್ತಪ್ಪನ ಮನೆಯದು, ಕೇರಿಯ ಕೊನೆಯ ಮನೆಯವು. ಒಂದು ಕೈ ಮುಗಿದು ಇನ್ನೊಂದು ಕೈಗೆ ಬಂದಾಗ ಎಣಿಸುವುದನ್ನೇ ನಿಲ್ಲಿಸಿದ.

ಸಾಹೇಬರು ಈಗ ನಗುತ್ತಿರಲಿಲ್ಲ. "ದಾದಿ ಇನ್ನೂ ಹೊರಟಿಲ್ಲ. ಮನೆಮನೆಗೆ ಹೋಗಿ ಕೇಳಿ ಬರ್ಕೊಂಡು ಬನ್ನಿ, ಮೇಲಿನವರಿಗೆ ನಾನು ಹೇಳಿ ನೋಡ್ತೀನಿ. ಖಚಿತ ಗೊತ್ತಿರೋದು ಒಂದು ಈಗಲೇ ಹೇಳಿ" ಎಂದು ಪೆನ್ನು ತೆಗೆದರು.

"ನಮ್ಮನೇದೇ ಒಂದದೆ. ಹೋದ ವರ್ಷ ಯುಗಾದಿ ಹೊತ್ತಿಗೆ. ಸೊಸೇದು."

"ಗಂಡೋ, ಹೆಣ್ಣೋ?"

ಹುಲಿಯಪ್ಪ ಮಡಿಸಿದ ಬೆರಳುಗಳನ್ನೇ ನೋಡಿದ. ಆ ದಿನ ಅವನು ಎತ್ತು ನೋಡಲು ಶಿಕಾರಿಪುರಕ್ಕೆ ಹೋಗಿದ್ದ. ಬರುವ ಹೊತ್ತಿಗೆ ಎಲ್ಲ ಮುಗಿದು, ಮಣ್ಣೂ ಆಗಿತ್ತು. "ಉಳೀಲಿಲ್ಲ" ಎಂದಿದ್ದಳು ದುರ್ಗಮ್ಮ. "ಹೋಗ್ಲಿ ಬಿಡು" ಎಂದು ಕಾಲು ತೊಳೆದು ಉಣ್ಣಲು ಕೂತಿದ್ದ. ಸೊಗಸಾದ ಎತ್ತು ಸಿಕ್ಕಿದ್ದನ್ನೂ ಹೇಳಿಕೊಂಡಿದ್ದ. ಕೂಸು ಯಾವುದು ಎಂದು ಕೇಳಿರಲಿಲ್ಲ. ಅವತ್ತೂ ಕೇಳಲಿಲ್ಲ, ಆಮೇಲೂ ಕೇಳಲಿಲ್ಲ. ಎತ್ತಿನ ಸುಳಿ ಎಲ್ಲೆಲ್ಲಿದೆ ಎಂದು ಇವತ್ತಿಗೂ ಹೇಳಬಲ್ಲವನಿಗೆ ಮೊಮ್ಮಗ ಸತ್ತದ್ದೋ ಮೊಮ್ಮಗಳೋ ಗೊತ್ತಿರಲಿಲ್ಲ.

"ಕೇಳ್ಕೊಂಡು ಬರ್ತೀನಿ ಸ್ವಾಮಿ" ಎಂದ. ಸಾಹೇಬರು ಅವನ ಮುಖ ನೋಡಿ ಪೆನ್ನು ಮುಚ್ಚಿದರು. ನೆಲ ಬಾಯಿಬಿಟ್ಟರೆ ಸಾಕಿತ್ತು, ಬಿಡಲಿಲ್ಲ. ಬಸ್ಸು ಹತ್ತಿಯೇ ಬರಬೇಕಾಯಿತು.

ಸಂಜೆ ಜಗಲಿಯ ಮೇಲೆ ಕೂತವನು ಎಲೆಅಡಿಕೆ ಮುಟ್ಟಲಿಲ್ಲ. ನೀಲಾಂಬಿಕ ಎಂದಿನಂತೆ ಬಾಗಿಲ ಮರೆಯಲ್ಲಿ ನಿಂತು ನೀರಿನ ಚೊಂಬು ಮುಂದಿಟ್ಟಳು.

"ತಂಗೀ," ಎಂದ ಹುಲಿಯಪ್ಪ, ನೆಲ ನೋಡುತ್ತ. "ಹೋದ ವರ್ಷ ಹುಟ್ಟಿದ್ದು… ಗಂಡೋ, ಹೆಣ್ಣೋ?"

ಒಳಗಿದ್ದ ದುರ್ಗಮ್ಮ ಗಾಬರಿಯಿಂದ ಓಡಿ ಬಂದಳು. "ಬಸುರಿ ಹೆಂಗಸಿನೆದುರು ಎಂಥ ಮಾತು ತೆಗೀತೀರಿ! ನಿಮಗೇನು ಬುದ್ಧಿ ಇಲ್ವಾ?"

"ಇರ್ಲಿಲ್ಲ ಕಣೇ. ನೀ ಸುಮ್ನಿರು, ಅವಳು ಹೇಳ್ಲಿ."

ನೀಲಾಂಬಿಕ ಸೆರಗು ಸರಿಮಾಡಿಕೊಂಡಳು. ಆಮೇಲೆ ಆ ಹುಡುಗಿ, ಮಾವನೆದುರು ಎಂದೂ ಬಾರದವಳು, ಹೊಸ್ತಿಲು ದಾಟಿ ಅವನ ಮುಂದೆ ಬಂದು ನಿಂತಳು.

"ಹೆಣ್ಣು, ಮಾವ. ಬೆಳಿಗ್ಗೆಯಿಂದ ಸಂಜೆ ತನಕ ಇತ್ತು" ಎಂದಳು. "ನೀವು ಬಂದು ನೋಡ್ತೀರಿ ಅಂತ ಕಾದೆ. ಮೂಗು ನಿಮ್ಮದೇ ಇತ್ತು."

ಹುಲಿಯಪ್ಪ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಪಕ್ಕದ ಮಾಸ್ತಪ್ಪನ ಮನೆಯಲ್ಲೂ ಇದನ್ನೇ ಕೇಳಬೇಕಿತ್ತು. ಎದ್ದು ಹೋಗಲು ಅವನಿಗೆ ತುಂಬ ಹೊತ್ತು ಹಿಡಿಯಿತು.