ತಪ್ಪು ಫ್ರೀಜರಿನದು, ಬೈಗುಳ ಬೆಳ್ಳಿಕಾಲಿಗೆ

"ಇದೇ ಕೊನೆ ಸಲ ಕಣಮ್ಮ. ಈ ಸಲವೂ ಗಬ್ಬ ನಿಲ್ಲಲಿಲ್ಲ ಅಂದ್ರೆ ದಲ್ಲಾಳಿಗೆ ಹಿಡಿದುಕೊಟ್ಟುಬಿಡೋದೇ. ಗೊಡ್ಡು ಕುದುರೆ ಕಟ್ಕೊಂಡು ಅದರ ಮುಖ ನೋಡ್ತಾ ಕೂರೋಕಾಗತ್ತಾ?"

ಮಾವ ಇಷ್ಟು ಹೇಳಿ ಲಾಯದ ಬಾಗಿಲಿಗೆ ಒರಗಿ ನಿಂತರು. ಕುದುರೆಯ ಬೆನ್ನು ಉಜ್ಜುತ್ತಿದ್ದ ಸೊಸೆ ಬ್ರಷ್ಷನ್ನು ಬಕೆಟ್ಟಿಗೆ ಎಸೆದಳು. ಕೊಳೆನೀರು ಮಾವನ ಪಾದಕ್ಕೆ ಹಾರಿತು.

"ಗೊಡ್ಡು ಅನ್ನಬೇಡಿ ಮಾವ. ಆ ಮಾತನ್ನ ಈ ಮನೇಲಿ ನಾನೂ ನಾಲ್ಕು ವರ್ಷ ಕೇಳಿದೀನಿ. ಕೊನೆಗೆ ಆಸ್ಪತ್ರೇಲಿ ಪರೀಕ್ಷೆ ಮಾಡಿ ಔಷಧಿ ಬರೆದುಕೊಟ್ಟಿದ್ದು ಯಾರಿಗೆ? ನಿಮ್ಮ ಮಗನಿಗೆ!"

ಮಾವ ಕೆಮ್ಮಿದರು. ಕೆಮ್ಮೇನೂ ಬಂದಿರಲಿಲ್ಲ.

ಆ ಮನೆಯವರದು ಸಾರೋಟು ಓಡಿಸುವ ಕಸುಬು. ಬೆಳ್ಳಿಕಾಲು ಎಂದರೆ ಮುಂಗಾಲು ಒಂದು ಮಾತ್ರ ಬೆಳ್ಳಗಿರುವ ಕಂದು ಹೆಣ್ಣುಕುದುರೆ. ತಾಯಿ ಸತ್ತ ಮರಿಯನ್ನು ಸೊಸೆಯೇ ಬಾಟಲಿ ಹಾಲು ಕುಡಿಸಿ ಬೆಳೆಸಿದ್ದಳು. ಒಳ್ಳೆಯ ತಳಿಯ ಗಂಡುಕುದುರೆ ಇದ್ದದ್ದು ದೂರದ ಸಾಕಣೆ ಕೇಂದ್ರದಲ್ಲಿ. ಬೆಳ್ಳಿಕಾಲು ಬೆದೆಗೆ ಬಂದಾಗ ಅಲ್ಲಿಯವರು ವೀರ್ಯವನ್ನು ತಂಪುಪೆಟ್ಟಿಗೆಯಲ್ಲಿಟ್ಟು ಬೆಳಗಿನ ಬಸ್ಸಿಗೆ ಹಾಕುತ್ತಿದ್ದರು. ಮಧ್ಯಾಹ್ನ ಪಶುವೈದ್ಯೆ ಬಂದು ಅದನ್ನು ಕುದುರೆಗೆ ಕೊಡುತ್ತಿದ್ದರು. ಎರಡು ಬೆದೆ ಹೀಗೇ ಕಳೆದವು. ಎರಡೂ ಸಲ ಹೊಟ್ಟೆ ಖಾಲಿ.

ಅವತ್ತು ಬಂದಿದ್ದು ಮೂರನೇ ಪೆಟ್ಟಿಗೆ. ಡಾಕ್ಟರಮ್ಮ ಹೇಳಿದ್ದಕ್ಕಿಂತ ಒಂದು ಗಂಟೆ ಮೊದಲೇ ಬಂದುಬಿಟ್ಟರು. ಕೈ ತೊಳೆಯಲು ಅಡುಗೆಮನೆಗೆ ಹೋದವರು ಅಲ್ಲೇ ನಿಂತರು. ಮೇಜಿನ ಮೇಲೆ ತಂಪುಪೆಟ್ಟಿಗೆ ಬಾಯಿ ತೆರೆದುಕೊಂಡು ಕೂತಿತ್ತು. ವೀರ್ಯದ ಎರಡು ಕೊಳವೆ ಇರಬೇಕಾದ ಕಡೆ ಒಂದೇ ಇತ್ತು.

"ಇನ್ನೊಂದು ಎಲ್ಲಿ ಯಜಮಾನ್ರೇ?"

ಮಾವ ಹೆಮ್ಮೆಯಿಂದ ಫ್ರೀಜರಿನ ಬಾಗಿಲು ತೆಗೆದರು. ಐಸ್ ತಟ್ಟೆಗೂ ಮೀನಿನ ಪೊಟ್ಟಣಕ್ಕೂ ನಡುವೆ ಕೊಳವೆ ಮಲಗಿತ್ತು.

"ಆ ಕೇಂದ್ರದೋರು ಸೋಮಾರಿಗಳು ಡಾಕ್ಟ್ರಮ್ಮ. ಮುಟ್ಟಿದ್ರೆ ಏನೋ ಒಂಚೂರು ತಣ್ಣಗಿರತ್ತೆ, ಅಷ್ಟೇ. ಹಾಲಿನವನ ಹಸುಗೆ ಬರೋದು ನೋಡಿ, ಡಬ್ಬಿ ಮುಚ್ಚಳ ತೆಗೆದ್ರೆ ಹೊಗೆ ಏಳತ್ತೆ! ಚಳಿ ಅಂದ್ರೆ ಅದು. ಅದಕ್ಕೇ ನಾನೇ ಪ್ರತಿ ಸಲ ಒಂದು ಗಂಟೆ ಫ್ರೀಜರಲ್ಲಿಟ್ಟು, ನೀವು ಬರೋ ಹೊತ್ತಿಗೆ ಅಂಗೈಲಿ ಉಜ್ಜಿ ಕರಗಿಸಿ, ವಾಪಸ್ ಪೆಟ್ಟಿಗೇಲಿಟ್ಟು ಅಂಟುಪಟ್ಟಿ ಹಾಕ್ತಿದ್ದೆ. ಇವತ್ತು ಎರಡನೇದಕ್ಕೆ ಮೀನು ಜಾಗ ಬಿಡಲಿಲ್ಲ."

"ಪ್ರತಿ ಸಲ?" ಡಾಕ್ಟರಮ್ಮನ ದನಿ ಏರಿತು. "ಪ್ರತಿ ಸಲ ಹೀಗೆ ಮಾಡಿ, ನನ್ನ ಹತ್ರ ಒಂದು ಮಾತು ಹೇಳಲಿಲ್ಲ?"

"ನೀವು ಕೇಳಲಿಲ್ಲವಲ್ಲ."

"ಹೌದು, ಕೇಳಲಿಲ್ಲ. ಅದು ನನ್ನ ತಪ್ಪು. ಪೆಟ್ಟಿಗೆ ನಂಬಿಕೊಂಡು, ಒಂದು ಹನೀನೂ ನೋಡದೆ ಎರಡು ಸಲ ಕೊಟ್ಟುಬಿಟ್ಟೆ. ಇವತ್ತು ನೋಡಿಯೇ ಕೊಡೋಣ ಅಂತ ಬೇಗ ಬಂದೆ."

ಅವರು ಪೆಟ್ಟಿಗೆಯ ಮುಚ್ಚಳ ಮುಚ್ಚಿದರು. ಚೀಲದಿಂದ ಸೂಕ್ಷ್ಮದರ್ಶಕ ತೆಗೆದು ಮೇಜಿನ ಮೇಲಿಟ್ಟರು. ಪೆಟ್ಟಿಗೆಯ ಕೊಳವೆಯಿಂದ ಒಂದೇ ಒಂದು ಹನಿ ತೆಗೆದು, ಆ ಹನಿಯನ್ನು ಮಾತ್ರ ಗಾಜಿನ ಪಟ್ಟಿಯ ಮೇಲೆ ಬೆಚ್ಚಗೆ ಮಾಡಿದರು. ಉಳಿದದ್ದು ತಂಪಲ್ಲೇ ಇತ್ತು.

"ನೋಡಿ."

ಮಾವ ಒಂದು ಕಣ್ಣು ಮುಚ್ಚಿ ಬಗ್ಗಿದರು. "ಅಬ್ಬಬ್ಬಾ! ಹೊಂಡದಲ್ಲಿ ಗೊದಮೊಟ್ಟೆ ಬಿಟ್ಟಂಗಿದೆ. ಎಲ್ಲಾ ಓಡ್ತಿದಾವೆ!"

"ಈಗ ನಿಮ್ಮದು ನೋಡಿ."

ಫ್ರೀಜರಿನ ಕೊಳವೆಯಿಂದಲೂ ಒಂದು ಹನಿ ಕರಗಿಸಿ, ಹಾಗೇ ಬೆಚ್ಚಗೆ ಮಾಡಿ ಇಟ್ಟದ್ದನ್ನು ಮಾವ ತುಂಬ ಹೊತ್ತು ನೋಡಿದರು. ಕಣ್ಣು ಬದಲಿಸಿ ಮತ್ತೆ ನೋಡಿದರು. "ಇದರಲ್ಲಿ ಯಾವುದೂ ಅಲ್ಲಾಡ್ತಿಲ್ಲ."

"ಅಲ್ಲಾಡೋಕೆ ಉಳಿದಿರೋದು ಯಾವುದು?"

"ತಣ್ಣಗಿದ್ದಷ್ಟೂ ಬಾಳಿಕೆ ಅಲ್ವಾ? ಮೀನೂ ಅಲ್ಲೇ ಇಡ್ತೀವಿ..."

"ಮೀನು ಸತ್ತಿರತ್ತೆ ಯಜಮಾನ್ರೇ! ಇದು ಜೀವ ಇರೋದು. ಮೈಯಿಂದ ಬಂದಾಗ ಬೆಚ್ಚಗಿರತ್ತೆ. ಕೇಂದ್ರದೋರು ಪೋಷಣೆಯ ದ್ರಾವಣ ಬೆರೆಸಿ, ನಿಧಾನಕ್ಕೆ, ಗಂಟೆಗಟ್ಟಲೆ ತಗೊಂಡು ಐದು ಡಿಗ್ರಿಗೆ ಇಳಿಸ್ತಾರೆ. ಆ ತಂಪಲ್ಲಿ ಇವು ಸಾಯಲ್ಲ, ಮಲಗಿರ್ತವೆ. ಒಂದು ದಿನದ ಮಟ್ಟಿಗೆ ಆ ನಿದ್ದೆ ಕಾಯೋದೇ ಈ ಪೆಟ್ಟಿಗೆ ಕೆಲಸ. ನೀವು ಮಲಗಿದ್ದೋರನ್ನ ಹೊತ್ಕೊಂಡು ಹೋಗಿ ಮಂಜುಗಡ್ಡೇಲಿ ಹೂತು, ಮತ್ತೆ ಎತ್ತಿ ಕೆಂಡದ ಮುಂದೆ ಕೂರಿಸಿದ್ರಿ!"

"ಮತ್ತೆ ಹಸುದು?"

"ಅದನ್ನ ಹೆಪ್ಪುಗಟ್ಟಿಸೋಕೇ ಅಂತ ಬೇರೆ ದ್ರಾವಣ ಹಾಕಿ, ಬೇರೆ ಕ್ರಮದಲ್ಲಿ ತಯಾರು ಮಾಡಿರ್ತಾರೆ. ಕಂಬಳಿ ಹೊದ್ದೋನು ಚಳೀಲಿ ನಿಂತ ಅಂತ ಬನಿಯನ್ ಹಾಕಿದೋನನ್ನೂ ಹೊರಗೆ ತಳ್ತೀರಾ?"

ಅಡುಗೆಮನೆ ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಸೊಸೆ ಮಾವನ ಎದುರಿಗೆ ಬಂದು ನಿಂತಳು.

"ಅಂದ್ರೆ ಎರಡು ಸಲವೂ ಇವಳಿಗೆ ಹಾಕಿಸಿದ್ದು ಸತ್ತಿದ್ದನ್ನ! ಕೊಲೆ ಆಗಿದ್ದು ಫ್ರೀಜರಲ್ಲಿ, ಶಿಕ್ಷೆ ಆಗಿದ್ದು ಲಾಯದಲ್ಲಿ. ಮಾತು ಬರದ ಪ್ರಾಣಿ ಅಂತ ತಾನೇ? ಬಂದಿದ್ರೆ ಕೇಳಿರೋಳು ನಿಮ್ಮನ್ನ."

ಸತ್ತ ಕೊಳವೆಯನ್ನು ಮಾವ ತಾವೇ ತೆಗೆದುಕೊಂಡು ಹೋಗಿ ಕಸಕ್ಕೆ ಹಾಕಿ ಬಂದರು. ಉಳಿದ ಒಂದು ಕೊಳವೆಯನ್ನು ಡಾಕ್ಟರಮ್ಮ ಲಾಯಕ್ಕೆ ಪೆಟ್ಟಿಗೆ ಸಮೇತ ಒಯ್ದರು. ಕುದುರೆಯನ್ನು ತೊಳೆದು ಒರೆಸಿ ಎಲ್ಲ ಸಿದ್ಧವಾದ ಮೇಲೇ ಮುಚ್ಚಳ ತೆಗೆದರು. ಬಿಸಿ ಮಾಡಲಿಲ್ಲ, ಕುಲುಕಲಿಲ್ಲ. ತಂಪಾಗಿದ್ದದ್ದನ್ನು ತಂಪಾಗಿಯೇ ಕೊಟ್ಟರು. ಬೆಳ್ಳಿಕಾಲಿನ ಮೈಯೇ ಅದನ್ನು ಬೆಚ್ಚಗೆ ಮಾಡಿಕೊಂಡಿತು.

ಹದಿನಾರನೇ ದಿನ ಸ್ಕ್ಯಾನಿಂಗ್. ದಲ್ಲಾಳಿ ಹಗ್ಗ ಹಿಡಿದು ಗೇಟಿನಲ್ಲೇ ನಿಂತಿದ್ದ. ಪರದೆಯ ಮೇಲೆ ದ್ರಾಕ್ಷಿಯಂಥ ಒಂದು ಕಪ್ಪು ಗುಂಡು ಕಂಡಿತು. ಡಾಕ್ಟರಮ್ಮ ಬೆರಳಿಟ್ಟು ತೋರಿಸಿದರು. ಸೊಸೆ ಕುದುರೆಯ ಕೊರಳಿಗೆ ಮುಖ ಒತ್ತಿಕೊಂಡಳು. ಮಾವ ಗೇಟಿಗೆ ಹೋಗಿ ಹೇಳಿದ್ದು ಎರಡೇ ಮಾತು: "ಬಸುರಿ ಇದಾಳೆ. ನಡಿ."

ಕುದುರೆ ಸಾಕುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಲಾಯದಲ್ಲೂ ಇಂಥದೊಂದು ಬೈಗುಳ ತಿಂದ ಕುದುರೆ ಇದೆಯೇ? ಅದನ್ನು ಗೊಡ್ಡು ಎನ್ನುವ ಮೊದಲು ನಿಮ್ಮ ಕೈಯನ್ನು ಕೇಳಿ, ಆ ಪೆಟ್ಟಿಗೆಗೆ ಏನು ಮಾಡಿದಿರಿ ಎಂದು. ಬಂದ ಪೆಟ್ಟಿಗೆಯನ್ನು ನೆರಳಿನಲ್ಲಿಡಿ, ಬಿಸಿಲಿನಲ್ಲಿ ನಿಲ್ಲಿಸಿದ ಗಾಡಿಯೊಳಗೆ ಬಿಡಬೇಡಿ. ವೈದ್ಯರು ಬರುವ ತನಕ ತೆರೆಯಬೇಡಿ, "ಸುಮ್ಮನೆ ಒಂದ್ಸಲ" ಎಂದು ಇಣುಕಲೂ ಬೇಡಿ. ಫ್ರೀಜರ್ ಬೇಡ, ಮಂಜುಗಡ್ಡೆ ಬೇಡ, ಬಿಸಿನೀರಂತೂ ಬೇಡವೇ ಬೇಡ. ವೀರ್ಯ ತೆಗೆದು ಇಪ್ಪತ್ತನಾಲ್ಕು ಗಂಟೆಯೊಳಗೆ ಕೊಡಿಸಿ. ಕೊಡುವ ಮೊದಲು ಒಂದು ಹನಿ ಪರೀಕ್ಷೆ ಮಾಡಿ ಎಂದು ಬಾಯಿಬಿಟ್ಟು ಕೇಳಿ. ಕೇಳುವುದು ನಿಮ್ಮ ಹಕ್ಕು. ತಪ್ಪಾಗಿದ್ದರೆ ಮುಚ್ಚಿಡದೆ ಹೇಳಿ. ನಮ್ಮ ತಪ್ಪಿಗೆ ಮೂಕಪ್ರಾಣಿಯನ್ನು ಮಾರುವುದು ಅನ್ಯಾಯ.

ಮೊನ್ನೆ ಅದೇ ಬಸ್ಸಿಗೆ ಹಾಲಿನವನ ಗಾಡಿಕುದುರೆಗೂ ಒಂದು ಪೆಟ್ಟಿಗೆ ಬಂತು. ಅವನು ಅದನ್ನು ಇವರ ಜಗಲಿಯ ಮೇಲಿಟ್ಟು ಜೇಬಿನಿಂದ ಚಾಕು ತೆಗೆದ.

"ಏನೋ ಅದು?"

"ಏನಿಲ್ಲ ಮಾಮ. ಸರಿಯಾಗಿ ತಣ್ಣಗಿದೆಯಾ ಅಂತ ಒಂದ್ಸಲ ಮುಟ್ಟಿ ನೋಡ್ತೀನಿ."

"ಡಾಕ್ಟ್ರಮ್ಮ ಬರ್ಲಿ."

"ಅವರು ಬರೋದು ಇನ್ನೂ ಎರಡು ಗಂಟೆ!"

ಮಾವ ಪೆಟ್ಟಿಗೆಯನ್ನು ನೆರಳಿಗೆ ಸರಿಸಿ, ಅದರ ಮುಚ್ಚಳದ ಮೇಲೆ ಕೂತುಬಿಟ್ಟರು.