ಫ್ಯಾನಿನ ಸ್ವಿಚ್ಚು

ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ, ಹಳೆಯದು, ಬಂದೂ ಬಾರದಂತೆ ಬರುತ್ತಿದೆ, ಆರು ತಿಂಗಳು ಬಾನೆಟ್ಟಿನೊಳಗೆ ಮುಚ್ಚಿಕೊಂಡಿದ್ದದ್ದು — ಗುಡುಸಾಬ ಮೂಗನ್ನು ಇನ್ನಷ್ಟು ಹತ್ತಿರ ತಂದ. ರೇಡಿಯೇಟರಿನ ಫ್ಯಾನಿಗೆ ಬ್ಯಾಟರಿಯಿಂದ ನೇರ ಕರೆಂಟು ಕೊಟ್ಟು ನೋಡಿದ್ದಾಯಿತು, ಅದು ಬರ್ರೆಂದು ತಿರುಗಿತು, ಫ್ಯಾನಿನದೇನೂ ತಪ್ಪಿಲ್ಲ, ಮೋಟರಿನದೂ ಇಲ್ಲ, ಹಾಗಾದರೆ ತಂತಿ, ಬೆರಳು ತಂತಿಯ ಗುಂಟ ಹೋಗುತ್ತಿದೆ, ಇಲ್ಲಿ ಮೆತ್ತಗೆ, ಇಲ್ಲಿ ಬಿರುಸು, ಇಲ್ಲಿ ಗಂಟುಗಂಟು, ಇಲ್ಲಿ ತಂತಿಯೇ ಇಲ್ಲ. ಎರಡು ತಂತಿ ಕೂಡಿಸಿ ಕರಿ ಟೇಪು ಸುತ್ತಿದ್ದ ಜೋಡು ಕರಗಿ ತಗಡಿಗೆ ಅಂಟಿಕೊಂಡಿದೆ. ಯಾರು ಹಾಕಿದ ಜೋಡು ಎಂದು ಯಾರನ್ನೂ ಕೇಳಬೇಕಾಗಿಲ್ಲ, ಟೇಪಿನ ತುದಿಯನ್ನು ಹಲ್ಲಿನಿಂದ ಹರಿದು ಒಳಕ್ಕೆ ಮಡಚುವ ಚಟ ಅಫಜಲಪುರದಲ್ಲಿ ಗುಡುಸಾಬನೊಬ್ಬನಿಗೇ ಇರುವುದು, ತಂತಿಯೂ ಅವನದೇ, ದರ್ಗಾದ ಉರುಸಿಗೆ ಬಣ್ಣದ ದೀಪ ಕಟ್ಟಿ ಉಳಿದ ತೆಳ್ಳನೆಯ ತಂತಿ, ದೀಪಕ್ಕೆ ಸಾಕು, ಫ್ಯಾನಿಗೆ ಸಾಲದು, ಸಾಲದು ಎಂದು ಅವತ್ತೂ ಗೊತ್ತಿತ್ತು. ತಂತಿ ಸುಡಬೇಕಾದರೆ ಅದರಲ್ಲಿ ಕರೆಂಟು ಹರಿಯುತ್ತಿರಬೇಕು, ಹರಿಯಬೇಕಾದರೆ ಸ್ವಿಚ್ಚು — ತಡಿ, ತಡಿ, ಎಂದು ತನಗೇ ಹೇಳಿಕೊಂಡು ಬಾಗಿಲು ತೆರೆದ, ಸ್ಟೇರಿಂಗಿನ ಎಡಕ್ಕೆ ಡ್ಯಾಶ್‌ಬೋರ್ಡಿನ ಕೆಳಗೆ ಕೈ ಹಾಕಿದ, ಕಣ್ಣಿಗಿಂತ ಮೊದಲು ಬೆರಳಿಗೆ ತಿಳಿಯಿತು, ಆಮೇಲೆ ಟಾರ್ಚು ಬಿಟ್ಟು ನೋಡಿದ. ಮನೆಯ ಬೋರ್ಡಿಗೆ ಹಾಕುವ ಬಿಳಿ ಸ್ವಿಚ್ಚು, ಅವನೇ ಎರಡು ಸ್ಕ್ರೂ ಹೊಡೆದು ಕೂಡಿಸಿದ್ದು, ಕೆಳಕ್ಕೆ ಒತ್ತಿದೆ. ಕೆಳಕ್ಕೆ ಅಂದರೆ ಚಾಲೂ. ಮೇ ತಿಂಗಳಿನಿಂದ ಯಾರೂ ಮುಟ್ಟಿಲ್ಲ, ಮೇಲೆ ಧೂಳು ಕೂತಿದೆ, ಧೂಳಿನ ಕೆಳಗೆ ಅದು ಒತ್ತಿದ ಹಾಗೆಯೇ ಇದೆ.

ಹೊರಗೆ ಬೇವಿನ ಗಿಡದ ಕೆಳಗಿನ ಬೆಂಚಿನ ಮೇಲೆ ಚಂದ್ರಾಮಪ್ಪ ಮಾಸ್ತರರು ಕೂತಿದ್ದಾರೆ, ಕಾರಿಗೆ ಬೆನ್ನು ಮಾಡಿ. ನೋಡಿಲ್ಲ, ಅವರು ಏನನ್ನೂ ನೋಡಿಲ್ಲ. ಸ್ಕ್ರೂ ಬಿಚ್ಚಿ ಸ್ವಿಚ್ಚನ್ನು ಕೈಗೆ ತೆಗೆದುಕೊಂಡ, ಬಿಚ್ಚಬೇಕಾದದ್ದೇ, ಹೊಸ ಸೆನ್ಸರ್ ಹಾಕಿದ ಮೇಲೆ ಇದಕ್ಕೇನು ಕೆಲಸ, ನೀರು ಕಾದ ಕೂಡಲೇ ಫ್ಯಾನು ತಾನೇ ತಿರುಗುತ್ತದೆ — ಆದರೆ ಗುಜರಿ ಡಬ್ಬಿಗೆ ಹಾಕುವುದನ್ನು ಅಂಗಿಯ ಕಿಸೆಗೆ ಏಕೆ ಹಾಕಿಕೊಂಡ, ಸುಟ್ಟ ತಂತಿಯನ್ನೂ ಸುರುಳಿ ಸುತ್ತಿ ಅದರ ಜೊತೆಗೇ ಏಕೆ. ಫೆಬ್ರವರಿಯಲ್ಲಿ ಇದೇ ಜಾಗದಲ್ಲಿ ಇದೇ ಕಾರು ನಿಂತಿತ್ತು. ಸೆನ್ಸರ್ ಹೋಗಿತ್ತು, ಹೊಸದು ಕಲಬುರ್ಗಿಯಿಂದ ಬರಬೇಕು, ನಾಲ್ಕು ದಿನ ಬೇಕು, ಮಾಸ್ತರರಿಗೆ ಮಾರನೆಯ ದಿನವೇ ನರೋಣಾಕ್ಕೆ ಹೋಗಬೇಕು, ಮೊಮ್ಮಗಳ ತೊಟ್ಟಿಲು, ಪಕ್ಕದಲ್ಲಿ ಅವರ ಹೆಂಡತಿ ಸುಮಿತ್ರಾಬಾಯಿ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ, ಏನರ ಮಾಡಪಾ ಗುಡುಸಾಬ, ಬಸ್ಸಿನ್ಯಾಗ ನಂಗ ಆಗಂಗಿಲ್ಲ. ಆಕೆಗೆ ಇಲ್ಲ ಅನ್ನುವುದು ಹೇಗೆ, ಪ್ರತಿ ಎಳ್ಳಮಾವಾಸ್ಯೆಗೆ ಡಬ್ಬಿ ತುಂಬ ಭಜ್ಜಿ, ಸಜ್ಜೆ ಕಡಬು ಕಟ್ಟಿ ಕಳಿಸುವ ತಾಯಿ. ಸದ್ಯಕ್ಕ ಒಂದ್ ಸ್ವಿಚ್ ಕೂಡಸ್ತೇನ್ರಿ, ಗಾಡಿ ಚಾಲೂ ಮಾಡೋ ಮೊದಲ ಇದನ್ನ ಒತ್ರಿ, ಫ್ಯಾನ್ ತಿರಗತಿರತದ, ಬಂದ ಮ್ಯಾಲ ದಪ್ಪ ವಾಯರ್ ಹಾಕಿ ಸರಿ ಮಾಡ್ತೇನಿ. ಸದ್ಯಕ್ಕ. ಅವನ ಬಾಯಿಂದ ದಿನಕ್ಕೆ ಹತ್ತು ಸಲ ಬರುವ ಮಾತು, ಅರ್ಧ ಅಫಜಲಪುರ ಅವನ ಸದ್ಯಕ್ಕದ ಮೇಲೆಯೇ ಓಡುತ್ತಿದೆ. ಮಾಸ್ತರರು ನರೋಣಾದಿಂದ ಬಂದು ಎರಡು ಸಲ ಗ್ಯಾರೇಜಿಗೆ ಬಂದಿದ್ದರು, ಒಮ್ಮೆ ಟ್ರ್ಯಾಕ್ಟರಿನ ಕೆಲಸ ಕೈಯಲ್ಲಿತ್ತು, ನಾಳೆ ಬರ್ರಿ ಮಾಸ್ತರ್, ಇನ್ನೊಮ್ಮೆ ಊಟಕ್ಕೆ ಹೊರಟಿದ್ದ, ನಾಳೆ ಬರ್ರಿ, ನಡ್ಯಾಕತ್ತದಲ್ಲ, ಹೌದಪಾ ನಡ್ಯಾಕತ್ತದ. ಆಮೇಲೆ ಮರೆತ. ನೆನಪೇ ಹೋಯಿತು, ಪೂರಾ, ಆ ತಂತಿ ಲೋಕದಲ್ಲಿಯೇ ಇಲ್ಲ ಅನ್ನುವ ಹಾಗೆ.

ಮೇ ತಿಂಗಳ ಹದಿನೇಳು, ಮಧ್ಯಾಹ್ನ ಎರಡೂವರೆ, ಸುಮಿತ್ರಾಬಾಯಿಗೆ ಎದೆ ಹಿಡಿಯಿತು. ಹಿಂದಿನ ಸೀಟಿನಲ್ಲಿ ಮಲಗಿಸಿ ಮಾಸ್ತರರೇ ಕರಜಗಿಯಿಂದ ಹೊರಟರು, ಕಲಬುರ್ಗಿಯ ದವಾಖಾನೆಗೆ, ಅಫಜಲಪುರ ದಾಟುವಾಗ ಈ ಗ್ಯಾರೇಜಿನ ಮುಂದೆಯೇ ಹೋಗಿರಬೇಕು, ಅವನು ಯಾವುದೋ ಗಾಡಿಯ ಕೆಳಗೆ ಮಲಗಿದ್ದನೋ ಏನೋ, ನೋಡಲಿಲ್ಲ. ಚೌಡಾಪುರ ದಾಟಿದ ಮೇಲೆ ಬಾನೆಟ್ಟಿನಿಂದ ಹೊಗೆಯಂಥ ಉಗಿ, ಬಿಸಿ ತೋರಿಸುವ ಕಾಟಾ ಕೆಂಪಿನಲ್ಲಿ, ಇಂಜಿನ್ ಬಂದ್. ಬಿಸಿಲಿಗೆ ರಸ್ತೆಯಲ್ಲಿ ನಾಯಿಯೂ ಇಲ್ಲ. ಮುಕ್ಕಾಲು ತಾಸು. ಕೊನೆಗೆ ಒಂದು ಟಂಟಂ ರಿಕ್ಷಾ ಸಿಕ್ಕಿತು, ಅಷ್ಟರಲ್ಲಿ, ಅರ್ಧ ತಾಸು ಮೊದಲ ಬಂದಿದ್ರ ನೋಡಬಹುದಿತ್ತು ಎಂದರಂತೆ ಡಾಕ್ಟರು. ಮರುದಿನ ಕರಜಗಿಯ ಅವರ ಹೊಲದಲ್ಲಿ ಮಣ್ಣು. ಗುಡುಸಾಬನೂ ಸಾಲಿನಲ್ಲಿ ನಿಂತು ಮೂರು ಹಿಡಿ ಮಣ್ಣು ಹಾಕಿದ, ಅವರಲ್ಲಿಯೂ ಮಣ್ಣೇ, ತಮ್ಮಲ್ಲಿಯೂ ಮಣ್ಣೇ, ಕೈಗೆ ಅದೇನೂ ಹೊಸದಲ್ಲ, ವಿಭೂತಿಯ ವಾಸನೆ, ಹಸಿ ಮಣ್ಣಿನ ವಾಸನೆ, ಮತ್ತೆ ಕೈ ಝಾಡಿಸಿಕೊಂಡು ಮಾಸ್ತರರ ಹತ್ತಿರ ಹೋಗಿ — ಯಾ ಅಲ್ಲಾ, ಆ ಮಾತು ಬಾಯಿಂದ ಏಕೆ ಬಂತು, ಮೆಕ್ಯಾನಿಕ್ಕನ ಬಾಯಿ, ಗಾಡಿ ನಿಂತಿತು ಅಂದರೆ ಮೊದಲು ಕೇಳುವುದನ್ನೇ ಕೇಳಿತು — ಸ್ವಿಚ್ ಹಾಕಿದ್ರೇನ್ರಿ ಮಾಸ್ತರ್? ಅವರು ತಲೆ ಎತ್ತಿದರು. ಹಾಕಿದ್ನಾ, ಅಂದರು. ಗಡಿಬಿಡ್ಯಾಗ ಇದ್ದೆ. ಹಾಕಿದ್ನೋ ಇಲ್ಲೋ. ಸಂಜೆಯಾಗುವಷ್ಟರಲ್ಲಿ ಆ ಇಲ್ಲೋ ಹೋಗಿ ಇಲ್ಲ ಎಂದೇ ಆಗಿತ್ತು, ನಾ ಸ್ವಿಚ್ ಹಾಕೋದು ಮರತೆ, ಆಕಿನ್ನ ನಾನೇ ಕೊಂದೆ ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ಕಾರನ್ನು ಎಳೆದು ತಂದು ಹಿತ್ತಲಲ್ಲಿ ತಾಡಪಾಲು ಹೊದಿಸಿದರು, ಯಾರೂ ಒಳಗೆ ಕೈ ಹಾಕಿ ನೋಡಲಿಲ್ಲ, ಅವನೂ ನೋಡಲಿಲ್ಲ, ಮನೆಗೆ ಬಂದಾಗ ಅವನ ಹೆಂಡತಿ ಹಜರಾಬಿ ಕಣ್ಣೊರೆಸಿಕೊಂಡು, ಮಾಸ್ತರ್ ಸಾಬ್‌ಕು ಯಾದ್ ನೈ ರಹಾ ಕತೆ, ಕ್ಯಾ ಕರತೇ ಬೇಚಾರೆ, ಅಂದಿದ್ದಳು, ನೆನಪೇ ಉಳಿಯಲಿಲ್ಲವಂತೆ, ಪಾಪ ಏನು ಮಾಡಿಯಾರು ಎಂದು. ಹೌದು ಅಂದಿದ್ದ. ಹೌದು ಎಂದು ಅನ್ನ ಉಂಡಿದ್ದ. ಒತ್ತಿತ್ತು, ಆಗಲೂ ಸ್ವಿಚ್ಚು ತಾಡಪಾಲಿನ ಕೆಳಗೆ ಒತ್ತಿತ್ತು.

ಕಾಕಾ, ಅಪ್ಪನ ಕಡಿ ಲಕ್ಷ ಇರಲಿ, ಎಂದು ಶಾಂಭವಿ ಮುಂಜಾನೆ ಕಾರನ್ನು ರಿಪೇರಿಗೆ ಎಳೆಸಿ ತಂದಾಗ ಹೇಳಿ ಬಜಾರಿಗೆ ಹೋದಳು, ಮಾಸ್ತರರ ಮಗಳು, ತಂದೆಯನ್ನು ನೋಡಿಕೊಳ್ಳಲು ಗಂಡನ ಊರು ನರೋಣಾದಿಂದ ಕೂಸಿನೊಂದಿಗೆ ಬಂದು ಆರು ತಿಂಗಳಾಯಿತು. ದನಿ ಇಳಿಸಿ ಹೇಳಿದಳು, ಅಪ್ಪಗ ಮರವಿನ ಜಡ್ಡು ಸುರು ಆಗ್ಯದ್ರಿ, ಅವ್ವ ಹೋದಾಗ ಗೊತ್ತಾಯ್ತಲ್ಲ, ಗ್ಯಾಸ್ ಮುಟ್ಟಗೊಡಂಗಿಲ್ಲ, ಒಬ್ಬರನ್ನೇ ಹೊಲಕ್ಕ ಬಿಡಂಗಿಲ್ಲ, ಕೂಸಿನ್ನ ಅವರ ಕೈಯಾಗ ಕೊಡೋದ್ ಬಿಟ್ಟೇವಿ, ಅವರೇ ಬ್ಯಾಡ ಅಂತಾರ, ನಾ ಎಲ್ಲಿ ಇಟ್ಟು ಮರತೇನೋ ಅಂತಾರ. ಕೀಲಿ ಅವರ ಕೈಯಾಗ ಕೊಡಬ್ಯಾಡ್ರಿ ಕಾಕಾ. ಮಾಸ್ತರರು ಕೇಳಿಸದವರಂತೆ ನಿಂತಿದ್ದರು, ಎಡ ಅಂಗೈ ಮೇಲೆ ನೀಲಿ ಪೆನ್ನಿನಲ್ಲಿ ಏನೇನೋ, ಗುಳಿಗಿ, ಚಷ್ಮಾ, ಗುಡುಸಾಬ — ಯಾರ ಹತ್ತಿರ ಬಂದಿದ್ದೇನೆ ಎಂಬುದನ್ನೂ ಬರೆದುಕೊಂಡಿದ್ದಾರೆ! ನಲವತ್ತಮೂರು ಹುಡುಗರ ಹಾಜರಿಯನ್ನು ಪುಸ್ತಕ ತೆರೆಯದೆ ಕರೆಯುತ್ತಿದ್ದವರು, ಐದನೆಯ ಇಯತ್ತೆಯಲ್ಲಿ ಅವನ ನಂಬರು ಹನ್ನೊಂದು, ಹಿಂದಿನ ಬೆಂಚಿನವನು ಬಾರದಿದ್ದರೆ ಕಣ್ಣೆತ್ತದೆ ಗೊತ್ತಾಗುತ್ತಿತ್ತು ಅವರಿಗೆ. ಆ ತಲೆಯನ್ನು ಕೆಡಿಸಿದವನು ಯಾರು. ಜಡ್ಡು ಇಲ್ಲ, ಯಾವ ಜಡ್ಡೂ ಇಲ್ಲ, ಒಬ್ಬ ಮನುಷ್ಯ ಮಣ್ಣು ಮೆತ್ತಿದ ಕೈಯಲ್ಲಿ ನಿಂತು ಒಂದು ಪ್ರಶ್ನೆ ಕೇಳಿದ, ಅಷ್ಟೇ, ಉಳಿದದ್ದನ್ನು ಅವರೇ ಪೂರ್ತಿ ಮಾಡಿಕೊಂಡರು. ಹೇಳಬೇಕು. ಹೇಳಿದರೆ? ಗುಡುಸಾಬನ ತಂತಿ ಸುಮಿತ್ರಾಬಾಯಿಯ ಜೀವ ತೆಗೆಯಿತು ಎಂದು ಕರಜಗಿಯಿಂದ ಜೇವರಗಿಯವರೆಗೆ ಸುದ್ದಿಯಾಗುತ್ತದೆ, ಮೂವತ್ತು ವರ್ಷದ ಹೆಸರು, ಯಾರು ಗಾಡಿ ತರುತ್ತಾರೆ, ತಂದರೂ ಯಾವ ಮುಖದಲ್ಲಿ ಬಾನೆಟ್ಟು ಎತ್ತುವುದು. ಹೇಳಿದರೆ ಆಕೆ ತಿರುಗಿ ಬರುತ್ತಾಳೇನು. ಬರುವುದಿಲ್ಲ. ಹೋದವರಿಗೆ ಏನೂ ಬೇಕಾಗಿಲ್ಲ. ಬೆಂಚಿನ ಮೇಲೆ ಕೂತವರಿಗೆ ಬೇಕಾಗಿದೆ.

ಕೆಲಸ, ಕೆಲಸ ಮಾಡು ಮೊದಲು. ಹೊಸ ಸೆನ್ಸರನ್ನು ರೇಡಿಯೇಟರಿಗೆ ತಿರುವಿದ, ದಪ್ಪ ತಂತಿ ಎಳೆದ, ರಿಲೇ ಕೂಡಿಸಿದ, ಫ್ಯೂಸ್ ಹಾಕಿದ, ಒಂದೊಂದು ಜೋಡನ್ನೂ ಎಳೆದು ನೋಡಿದ, ಮೂರು ಸಲ ನೋಡಿದ, ಟೇಪಿನ ತುದಿಯನ್ನು ಕತ್ತರಿಯಿಂದ ಕತ್ತರಿಸಿದ. ಇಷ್ಟಕ್ಕೆ ಒಂದೂವರೆ ತಾಸು ಹಿಡಿಯಿತು. ಒಂದೂವರೆ ತಾಸು ಆಗ ಇರಲಿಲ್ಲವೇ, ಒಂದು ಊಟ ತಡವಾಗಿ ಮಾಡಿದ್ದರೆ ಆಗುತ್ತಿತ್ತು. ನೀರು ತುಂಬಿ ಇಂಜಿನ್ ಚಾಲೂ ಮಾಡಿ ನಿಂತ, ಕಾಟಾ ನಿಧಾನ ಏರುತ್ತಿದೆ, ಕಾಲು, ಅರ್ಧ, ಅರ್ಧ ದಾಟಿತು, ಫ್ಯಾನು ಸುಮ್ಮನಿದೆ, ತಿರುಗು, ತಿರುಗು ತಾಯಿ — ಟಕ್ಕೆಂದು ರಿಲೇ ಬಿತ್ತು, ಫ್ಯಾನು ತಿರುಗಿತು. ಯಾರೂ ಒತ್ತಲಿಲ್ಲ, ಯಾರೂ ನೆನಪಿಡಲಿಲ್ಲ, ತಾನೇ ತಿರುಗಿತು. ಆಗ ಅವನಿಗೆ ಅನ್ನಿಸಿತು, ಸಾಕು, ಇಷ್ಟು ಮಾಡಿದ್ದು ಸಾಕು, ಕಿಸೆಯಲ್ಲಿದ್ದದ್ದನ್ನು ಸಂಜೆ ಭೀಮಾ ನದಿಗೆ ಎಸೆದರಾಯಿತು, ಮಾಸ್ತರರಿಗೆ ನಾಲ್ಕು ಒಳ್ಳೆಯ ಮಾತು ಹೇಳಿದರಾಯಿತು, ವಯಸ್ಸಿಗೆ ಎಲ್ಲರೂ ಮರೀತಾರ್ರಿ, ಮನಸ್ಸಿಗೆ ಹಚ್ಚಿಕೋಬ್ಯಾಡ್ರಿ. ಅಷ್ಟರಲ್ಲಿ ಅವರೇ ಎದ್ದು ಹತ್ತಿರ ಬಂದಿದ್ದರು, ಫ್ಯಾನನ್ನು ನೋಡುತ್ತ, ಇನ್ನ ಮ್ಯಾಲ ನಾ ಏನೂ ನೆನಪ ಇಡೋದ್ ಬ್ಯಾಡಲ್ಲ ಗುಡುಸಾಬ? ಬ್ಯಾಡ್ರಿ ಮಾಸ್ತರ್. ಇಂಜಿನ್ ಬಂದ್ ಮಾಡಿ ಕೀಲಿಯನ್ನು ಅವರ ಕೈಯಲ್ಲಿಟ್ಟ. ಶಾಂಭವಿ ಬೇಡ ಅಂದದ್ದು ಕೊಟ್ಟ ಮೇಲೆ ನೆನಪಾಯಿತು, ಆದರೆ ಅವನ ಗ್ಯಾರೇಜಿನ ಪದ್ಧತಿಯೇ ಅದು, ಕೆಲಸ ಮುಗಿದ ಗಾಡಿಯನ್ನು ಮೊದಲು ಮಾಲೀಕನೇ ಚಾಲೂ ಮಾಡಬೇಕು, ಮೂವತ್ತು ವರ್ಷದಿಂದ ಹಾಗೆಯೇ. ಕೂಡ್ರಿ, ಒಮ್ಮಿ ನೀವೇ ಚಾಲೂ ಮಾಡ್ರಿ.

ಮಾಸ್ತರರು ಕೂತರು. ಹಿಂದಿನ ಸೀಟಿನ ಕಡೆಗೆ ತಿರುಗಿ ನೋಡಲಿಲ್ಲ. ಬಲಗೈಯಲ್ಲಿ ಕೀಲಿ, ಆದರೆ ಕೀಲಿಗಿಂತ ಮೊದಲು ಎಡಗೈ ತಾನಾಗಿ ಡ್ಯಾಶ್‌ಬೋರ್ಡಿನ ಕೆಳಕ್ಕೆ ಹೋಯಿತು, ಹೆಬ್ಬೆರಳು ಸೀದಾ ಆ ಜಾಗಕ್ಕೆ, ಹುಡುಕಲಿಲ್ಲ, ತಡವರಿಸಲಿಲ್ಲ, ಒತ್ತಿತು. ಅಲ್ಲಿ ಎರಡು ಸ್ಕ್ರೂವಿನ ತೂತು ಮಾತ್ರ. ಮತ್ತೆ ಒತ್ತಿತು. ಬಾಗಿಲ ಬಳಿ ನಿಂತವನನ್ನು ನೋಡಿದರು, ಗುಡುಸಾಬ, ಇಲ್ಲೊಂದು ಸ್ವಿಚ್ ಇತ್ತಲ್ಲೋ? ಖರೇ ಹೇಳು, ಇತ್ತೋ, ಇಲ್ಲಾ ನಂಗ ಹಂಗ ಅನಸಾಕತ್ತದೋ? ಆರು ತಿಂಗಳು ಗಾಡಿ ಮುಟ್ಟದ ಕೈ, ಹೆಂಡತಿಯನ್ನು ಕಳೆದುಕೊಂಡ ಕೈ, ಜಡ್ಡು ಬಂದದ ಎಂದು ಮನೆಯೆಲ್ಲ ಹೇಳಿದ ಕೈ, ಅದು ಇವತ್ತು ಮರೆಯಲಿಲ್ಲ, ಅವತ್ತು ಹೇಗೆ ಮರೆತೀತು, ಹಿಂದೆ ಆಕೆ ನರಳುತ್ತಿರುವಾಗ ಕಣ್ಣಲ್ಲಿ ನೀರು ತುಂಬಿಕೊಂಡಿದ್ದಾಗಲೂ ಹೀಗೆಯೇ ಹೋಗಿರಬೇಕು, ಹೀಗೆಯೇ ಸೀದಾ, ಒತ್ತಿರಬೇಕು, ಒತ್ತಿತ್ತು. ಇತ್ತ್ರಿ ಮಾಸ್ತರ್, ಅಂದ, ಕಿಸೆಯಿಂದ ಎರಡನ್ನೂ ತೆಗೆದು ಕೈ ಚಾಚಿದ, ಇತ್ತು, ನನ್ನ ಕಿಸೆದಾಗ ಇತ್ತು, ನೋಡ್ರಿ, ಕೆಳಗ ಒತ್ತೇದ, ಅವತ್ತ ನೀವ್ ಒತ್ತಿದ್ರಿ, ಒತ್ತಿದ್ದಕ್ಕೇ ಈ ವಾಯರ್ ಸುಟ್ಟದ, ವಾಯರ್ ನಂದು, ತೆಳ್ಳಂದು, ಬದಲ ಮಾಡ್ತೇನಿ ಅಂದಾಂವ ನಾ, ಮರತಾಂವ ನಾ, ನೀವಲ್ಲ, ನಿಮಗ ಏನೂ ಆಗಿಲ್ರಿ ಮಾಸ್ತರ್. ಬಿಳಿ ಸ್ವಿಚ್ಚೂ ಕರಿ ಸುರುಳಿಯೂ ಅವನ ಚಾಚಿದ ಕೈಯಲ್ಲಿಯೇ ಉಳಿದವು, ಅವರು ಮುಟ್ಟಲಿಲ್ಲ. ಒತ್ತಿದ್ನಾ? ಒತ್ತಿದ್ರಿ. ಮತ್ತೊಮ್ಮಿ ಹೇಳು. ಒತ್ತಿದ್ರಿ ಮಾಸ್ತರ್. ಶಾಂಭವಿ ರಸ್ತೆ ದಾಟುತ್ತಿದ್ದಾಳೆ, ಕೈಯಲ್ಲಿ ಚೀಲ, ತಂದೆಯ ಕೈಯಲ್ಲಿ ಕೀಲಿ ಕಂಡು ಓಡಿಬರುತ್ತಿದ್ದಾಳೆ, ಅವಳಿಗೂ ಹೇಳಬೇಕು, ಮನೆಗೆ ಹೋಗಿ ಎಲ್ಲರ ಮುಂದೆ ನಿಂತು ಹೇಳಬೇಕು, ಮಾಸ್ತರರು ಬೈಯಲಿ, ಹೊಡೆಯಲಿ, ಶಾಲೆಯಲ್ಲಿ ಹೊಡೆದ ಹಾಗೆ ಹೊಡೆಯಲಿ, ಅವರು ತಲೆ ಎತ್ತುತ್ತಿಲ್ಲ, ಹೆಬ್ಬೆರಳು ಮಾತ್ರ, ಡ್ಯಾಶ್‌ಬೋರ್ಡಿನ ಕೆಳಗೆ, ಏನೂ ಇಲ್ಲದ ಜಾಗದಲ್ಲಿ, ಒತ್ತುತ್ತಿದೆ, ಬಿಟ್ಟು ಮತ್ತೆ ಒತ್ತುತ್ತಿದೆ, ಒತ್ತುತ್ತಿದೆ